ಎಲ್ಲರ ಪರವಾಗಿ ಹಸಿದವಳು

ಬಸ್ ಡಿಪೋದ ಕ್ಯಾಂಟೀನಿನಲ್ಲಿ ಅವತ್ತು ಅನ್ನ ಮುಗಿದುಹೋಯಿತು. ಊಟದ ಸಾಲು ಇನ್ನೂ ಬಾಗಿಲಾಚೆಗೆ ಚಾಚಿಕೊಂಡಿತ್ತು. ತಟ್ಟೆ ಹಿಡಿದು ನಿಂತ ಡ್ರೈವರುಗಳು ಮೊದಲು ನಕ್ಕರು, ಅಡುಗೆಯ ಸೌಟಕ್ಕ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು. ಅವಳು ದೊಡ್ಡ ಪಾತ್ರೆಯನ್ನು ಓರೆ ಮಾಡಿ ತೋರಿಸಿದಳು. ತಳದಲ್ಲಿ ಸೀದ ಪದರ ಬಿಟ್ಟರೆ ಏನೂ ಇರಲಿಲ್ಲ.

"ಏನಕ್ಕ ಇದು, ನಮ್ಮ ಪಾಲೂ ನೀನೇ ತಿಂದ್ಯಾ?" ಅಂದ ಹಿರಿಯ ಮೆಕ್ಯಾನಿಕ್. ಅವನ ಕೈಗೆ ಮೊಣಕೈವರೆಗೂ ಗ್ರೀಸು ಮೆತ್ತಿತ್ತು.

"ತಿಂದಿದ್ರೆ ಹೀಗಾಗ್ತಿರಲಿಲ್ಲ," ಅಂದಳು ಅವಳು.

ಎಲ್ಲರೂ ಮತ್ತೆ ನಕ್ಕರು. ಅವಳು ಹೇಳಿದ್ದು ಮಾತ್ರ ಅಪ್ಪಟ ನಿಜ.

ಆ ಅಡುಗೆಮನೆಯಲ್ಲಿ ಅಕ್ಕಿ ಅಳೆಯುವ ಡಬ್ಬಿ ಇಲ್ಲದೆ ಇರಲಿಲ್ಲ. ಅದರಲ್ಲಿ ಸೋಪಿನ ಪುಡಿ ತುಂಬಿಟ್ಟಿದ್ದರು. ಡಿಪೋದಲ್ಲಿ ಎಷ್ಟು ಜನ ಊಟಕ್ಕೆ ಬರುತ್ತಾರೆ ಅನ್ನುವುದನ್ನು ಯಾರೂ ಮುಂಚೆ ಹೇಳಲಾರರು. ಒಂದು ದಿನ ಅರ್ಧ ಜನ ದಾರಿಯಲ್ಲೇ ತಿಂದು ಬರುತ್ತಾರೆ, ಇನ್ನೊಂದು ದಿನ ಎಲ್ಲೋ ಬಸ್ಸು ಕೆಟ್ಟು ಎರಡು ಪಾಳಿಯವರೂ ಒಟ್ಟಿಗೆ ಬಂದು ಕೂರುತ್ತಾರೆ. ಆಫೀಸಿನಿಂದ ಬರುವ ಲೆಕ್ಕವನ್ನು ಸೌಟಕ್ಕ ಕೇಳಿ, ತಲೆಯಾಡಿಸಿ, ಮರೆತುಬಿಡುತ್ತಿದ್ದಳು. ಬೆಳಗಿನ ಚಹಾ ಮುಗಿದ ಮೇಲೆ ಅಕ್ಕಿ ಮೂಟೆಯ ಮುಂದೆ ನಿಂತು ತನ್ನ ಹೊಟ್ಟೆಯನ್ನು ಕೇಳುತ್ತಿದ್ದಳು. ಚಳಿ ಬಿದ್ದ ದಿನ ಅವಳಿಗೆ ಹಸಿವು ಜೋರು, ಡ್ರೈವರುಗಳಿಗೂ ಜೋರು. ಸೆಕೆಯ ದಿನ ಅವಳಿಗೂ ನೀರೇ ಬೇಕು, ಅವರಿಗೂ. ಹೊಟ್ಟೆ ಹೇಳಿದಷ್ಟು ಅಕ್ಕಿಯನ್ನು ಮೊರದಲ್ಲಿ ಎತ್ತಿ ಎತ್ತಿ ಸುರಿಯುತ್ತಿದ್ದಳು. ಇಷ್ಟು ವರ್ಷ ಅನ್ನ ಉಳಿದದ್ದೂ ಕಡಿಮೆ, ಸಾಲದೆ ಹೋದದ್ದಂತೂ ಇಲ್ಲವೇ ಇಲ್ಲ.

ಈಗ ಆ ಹೊಟ್ಟೆ ಏನೂ ಹೇಳುತ್ತಿರಲಿಲ್ಲ. ಕೆಲವು ವಾರ ಕೈಯ ರೂಢಿಯ ಮೇಲೆ ಸುರಿದು ಹೇಗೋ ಸರಿದೂಗಿಸಿದ್ದಳು, ಅವತ್ತು ಅದೂ ತಪ್ಪಿತು.

ಸಂಜೆ ಮೇಲ್ವಿಚಾರಕ ಕರೆಸಿದ. ಅವನು ಒರಟನೇನಲ್ಲ. ಕೂರಲು ಕುರ್ಚಿ ತೋರಿಸಿದ, ತನ್ನ ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿಕೊಂಡ.

"ಮೈಗೆ ಹುಷಾರಿಲ್ವಾ?"

"ಹುಷಾರಾಗಿದೀನಿ."

"ಮತ್ತೆ? ಇವತ್ತಿನದು ಹೋಗಲಿ. ಇನ್ನೊಂದು ಸಲ ಹೀಗಾದ್ರೆ ಒಲೆ ಬೇರೆಯವರಿಗೆ ಕೊಡಬೇಕಾಗುತ್ತೆ. ನಿಮ್ಮನ್ನ ಪಾತ್ರೆ ತೊಳೆಯೋ ಕಡೆ ಹಾಕಬೇಕಾಗುತ್ತೆ. ನಂಗೂ ಮೇಲಿನವರಿದಾರೆ."

ಪಾತ್ರೆ ತೊಳೆಯುವ ಕಡೆ ಅಂದರೆ ಹಿಂಭಾಗದ ಒದ್ದೆ ನೆಲ. ಅಲ್ಲಿ ಕೂರಲು ಜಾಗವಿಲ್ಲ, ದಿನವಿಡೀ ನಿಂತೇ ಇರಬೇಕು. ಸೌಟಕ್ಕನ ಎರಡು ಮೊಣಕಾಲೂ ಸವೆದುಹೋಗಿದ್ದವು. ಒಲೆಯ ಮುಂದಾದರೆ ಎತ್ತರದ ಸ್ಟೂಲಿನ ಮೇಲೆ ಅರ್ಧ ಕೂತು ಅರ್ಧ ನಿಂತು ಸೌಟು ಆಡಿಸಬಹುದಿತ್ತು. ಅವಳು "ಸರಿ ಸಾರ್" ಅಂದು ಎದ್ದಳು. ಎದೆಯೊಳಗೆ ಭಯ ಏಳುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಏಳಲಿಲ್ಲ.

ಇದೆಲ್ಲ ಶುರುವಾದದ್ದು ಮೊಣಕಾಲಿನಿಂದಲೇ. ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಆಪರೇಷನ್ ಮಾಡಬಹುದು. ಆದರೆ ಮೊದಲು ಭಾರ ಇಳಿಸಿಕೊಂಡು ಬನ್ನಿ," ಅಂದಿದ್ದರು. ಅವಳ ಪಾಲಿಗೆ ಅದು ಹೊಸ ಮಾತಾಗಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅತ್ತೆ ಬಿಸ್ಕತ್ತಿನ ಡಬ್ಬಿಯನ್ನು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಗಂಡ ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಲ್ಲುವವನು, ದಿನವಿಡೀ ಮಾತಾಡದವನು, ಮನೆಗೆ ಬಂದವನೇ ಅವಳ ತಟ್ಟೆ ನೋಡಿ, "ಇನ್ನೂ ಬೇಕಾ?" ಅನ್ನುವ ಒಂದು ಮಾತನ್ನು ಮಾತ್ರ ತಪ್ಪದೆ ಆಡುತ್ತಿದ್ದ. ಅವನ ತಟ್ಟೆಯಲ್ಲಿ ಉಳಿದದ್ದು, ಮಗಳು ಬಿಟ್ಟದ್ದು, ಅತ್ತೆಗೆ ಅಗಿಯಲಾಗದೆ ಹೋದದ್ದು ಎಲ್ಲ ಕೊನೆಗೆ ಬಂದು ಬೀಳುತ್ತಿದ್ದದ್ದು ಮಾತ್ರ ಅವಳ ತಟ್ಟೆಗೇ. ಅದನ್ನು ಯಾರೂ ತಿನ್ನುವುದು ಅಂತ ಲೆಕ್ಕ ಹಿಡಿಯುತ್ತಿರಲಿಲ್ಲ. ಅದು ಅಡುಗೆಮನೆ ತೊಳೆಯುವ ಕೆಲಸದ ಒಂದು ಭಾಗ.

ಮೂಳೆ ಡಾಕ್ಟರು ಅವಳನ್ನು ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನವಳು. ಅರ್ಧ ತಿಂದ ಬ್ರೆಡ್ಡನ್ನು ಫೈಲಿನಡಿ ಸರಿಸಿ ಮಾತು ಶುರು ಮಾಡಿದಳು.

"ಮುಂಚೆ ಯಾವಾಗಾದ್ರೂ ಬಾಯಿ ಕಟ್ಟಿ ನೋಡಿದೀರಾ?"

"ಮನೇಲಿ ಎಲ್ಲರೂ ಸೇರಿ ಕಟ್ತಾನೇ ಇದಾರೆ."

ಡಾಕ್ಟರಮ್ಮ ನಕ್ಕಳು. ಆಮೇಲೆ ಒಂದು ಕಾಗದದ ಹಿಂಭಾಗದಲ್ಲಿ ತಲೆಯ ಚಿತ್ರ ಬರೆದಳು, ಆಲೂಗಡ್ಡೆಯ ಹಾಗಿತ್ತು. "ಊಟ ಮಾಡಿದ ಮೇಲೆ ಕರುಳು ಒಂದು ಹಾರ್ಮೋನು ಬಿಡುತ್ತೆ. ಮೆದುಳಲ್ಲಿ ಅದಕ್ಕೆ ಅಂತಲೇ ರಿಸೆಪ್ಟರುಗಳಿವೆ. ಕೂರೋಕೆ ಹಾಕಿಟ್ಟ ಕುರ್ಚಿ ಅಂದುಕೊಳ್ಳಿ. ಆ ಹಾರ್ಮೋನು ಹೋಗಿ ಅಲ್ಲಿ ಕೂತ್ರೆ ನಮಗೆ 'ಸಾಕು' ಅನ್ಸುತ್ತೆ. ಆದ್ರೆ ಅದು ಬಂದಷ್ಟೇ ಬೇಗ ಕರಗಿಹೋಗುತ್ತೆ. ಈ ಇಂಜೆಕ್ಷನ್ನಿನ ಮದ್ದು ಅದನ್ನೇ ಹೋಲುತ್ತೆ, ಬೇಗ ಕರಗಲ್ಲ ಅಷ್ಟೇ. ವಾರಕ್ಕೊಂದು ಸಲ ಹಾಕ್ಕೊಂಡ್ರೆ ವಾರಪೂರ್ತಿ ಕೂತಿರುತ್ತೆ."

"ಬಂದ ನೆಂಟರು ಏಳದೇ ಇರೋ ಹಾಗೆ."

"ಹಾಗೇ."

"ಹಾಗಾದ್ರೆ ನಾನು ತಿನ್ನೋದು?"

"ಅದಕ್ಕೇನು?"

"ಅದು ನನ್ನ ತಪ್ಪಲ್ವಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಎಲ್ಲರ ಮೆದುಳೂ ಹಸಿವು ಅನ್ನೋದನ್ನ ಒಂದೇ ದನಿಯಲ್ಲಿ ಹೇಳಲ್ಲ. ಕೆಲವರಿಗೆ ಪಿಸುಮಾತಲ್ಲಿ ಹೇಳುತ್ತೆ, ಕೆಲವರಿಗೆ ಕೂಗಿ ಹೇಳುತ್ತೆ. ತೂಕ ಇಳಿದ್ರೆ ಇನ್ನೂ ಜೋರಾಗಿ ಕೂಗುತ್ತೆ. ನಿಮ್ಮ ನಡತೆಗೂ ಅದಕ್ಕೂ ಸಂಬಂಧ ಇಲ್ಲ."

ಇಂಥ ಮಾತು ಕೇಳಿದರೆ ಅಳು ಬರಬೇಕು ಅಂತ ಸೌಟಕ್ಕನಿಗೆ ಅನ್ನಿಸಿತು. ಬರಲಿಲ್ಲ. ಗ್ಯಾಸ್ ಆಫ್ ಮಾಡಿ ಬಂದೆನೋ ಇಲ್ಲವೋ ಎಂದು ಯೋಚಿಸುತ್ತ ಅವಳು ಮನೆಗೆ ನಡೆದಳು.

ಇಂಜೆಕ್ಷನ್ ಶುರುವಾದಾಗ ಮೊದಮೊದಲು ವಾಕರಿಕೆ ಇತ್ತು. ಅದು ಹೋದ ಮೇಲೆ ಒಂದು ಬೆಳಿಗ್ಗೆ, ಡಿಪೋದಲ್ಲಿ ನಿಂತ ಬಸ್ಸುಗಳ ಇಂಜಿನ್ನೆಲ್ಲ ಒಮ್ಮೆಗೇ ಆಫ್ ಮಾಡಿದ ಹಾಗೆ, ತಲೆಯೊಳಗೆ ಸದ್ದಡಗಿತು. ಇಷ್ಟು ವರ್ಷ ಅಷ್ಟು ಸದ್ದಿನಲ್ಲಿ ಬಾಳಿದ್ದೆ ಅನ್ನುವುದು ಆಗಲೇ ತಿಳಿದದ್ದು. ಫ್ರಿಜ್ಜಿನಲ್ಲಿ ಏನಿದೆ, ಯಾರ ತಟ್ಟೆಯಲ್ಲಿ ಏನುಳಿದಿದೆ, ಸಂಜೆಗೆ ಏನು, ನಾಳೆಗೆ ಏನು ಎಂಬ ಎಡೆಬಿಡದ ಗೊಣಗಾಟ ನಿಂತೇಹೋಗಿತ್ತು. ಆ ಜಾಗಕ್ಕೆ ಬೇರೇನೂ ಬರಲಿಲ್ಲ. ಸಾಮಾನು ಸಾಗಿಸಿದ ಮೇಲೆ ಉಳಿದ ಕೋಣೆಯ ಹಾಗೆ ಖಾಲಿ ಇತ್ತು. ಬೇಳೆಯ ಉಪ್ಪು ನೋಡಿದರೆ ನಾಲಿಗೆಗೆ ಉಪ್ಪು ತಿಳಿಯುತ್ತಿತ್ತು, ಮುಂದೆ ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಡಾಕ್ಟರಮ್ಮನಿಗೆ ಹೇಳಿದಾಗ, "ಕೆಲವರು ಹೀಗೆ ಹೇಳ್ತಾರೆ. ಮನಸ್ಸು ತೀರಾ ಮಂಕಾಯ್ತು ಅನ್ಸಿದ್ರೆ ಕಾಯಬೇಡಿ, ಬಂದುಬಿಡಿ," ಅಂದಳು. ತೀರಾ ಅನ್ನುವುದು ಎಲ್ಲಿಂದ ಶುರುವಾಗುತ್ತದೆ ಎಂದು ಸೌಟಕ್ಕನಿಗೆ ಗೊತ್ತಾಗಲಿಲ್ಲ. ಮದ್ದಿಗೆ ಮುಂಚೆ ಬಹಳ ಸಡಗರದಲ್ಲೇನೂ ಇರಲಿಲ್ಲ ಅವಳು.

ಬಟ್ಟೆ ಸಡಿಲಾದವು. ಕಾಲಿನ ನೋವು ಒಂದು ಪಾಲು ಇಳಿಯಿತು. ಮೂಳೆ ಡಾಕ್ಟರು, "ಹೀಗೇ ನಡೀಲಿ," ಅಂದರು.

ಮನೆಯಲ್ಲಿ ಮಾತ್ರ ಏನೋ ತಪ್ಪತೊಡಗಿತು. ಏನೆಂದು ಯಾರಿಗೂ ತಿಳಿಯಲಿಲ್ಲ. ಅದು ಸ್ಪಷ್ಟವಾದದ್ದು ಒಂದು ಭಾನುವಾರ.

ಅವತ್ತು ಸೌಟಕ್ಕ ಬೆಳಿಗ್ಗೆ ಎದ್ದು ಬಟ್ಟೆ ನೆನೆಸಿದಳು, ಒಗೆದಳು, ಒಣಗಿಸಿದಳು. ಆಮೇಲೆ ಕಿಟಕಿಯ ಪಕ್ಕ ಕಾಲು ನೀಡಿ ಕೂತಳು. ಹೊತ್ತು ಏರಿತು. ಗಂಡ ಪೇಪರನ್ನು ಎರಡನೇ ಸಲ ಓದಿದ, ನಂತರ ಫ್ಯಾನಿನ ರೆಗ್ಯುಲೇಟರ್ ಜೊತೆ ಜಗಳಕ್ಕೆ ನಿಂತ. "ದರಿದ್ರದ್ದು, ತಿರುಗಿಸಿದ ಕಡೆ ನಿಲ್ಲಲ್ಲ." ಅತ್ತೆ ಮಂಚದ ಮೇಲಿಂದ, "ಬಿಪಿ ಏರಿದೆ ಅನ್ಸುತ್ತೆ, ಕಣ್ಣು ಕತ್ತಲೆ ಬರ್ತಿದೆ," ಅಂದಳು. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ರಜೆಯ ದಿನವೆಂದು ಮಲಗಿದ್ದವಳು ಎದ್ದು ಬಂದು, "ಈ ಮನೇಲಿ ನೆಮ್ಮದಿಯಾಗಿ ಉಸಿರಾಡೋಕೂ ಆಗಲ್ಲ," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಬಾಗಿಲು ಧಡಾರನೆ ಹಾಕಿದಳು. ಗಂಡ ಬಾಗಿಲಿಗೆ ಬೈದ. ಅತ್ತೆ ಮಗನಿಗೆ ಬೈದಳು. ಎಲ್ಲರ ಮುಖವೂ ಗಂಟು. ಸೌಟಕ್ಕ ಮೂವರನ್ನೂ ನೋಡಿದಳು, ಟೀವಿಯಲ್ಲಿ ಬೇರೆ ಯಾರದೋ ಮನೆ ನೋಡಿದ ಹಾಗೆ.

ಕೊನೆಗೆ ಗಂಡ ಅಡುಗೆಮನೆಗೆ ಹೋಗಿ ಬಂದ. "ಒಲೆ ತಣ್ಣಗಿದೆಯಲ್ಲ?"

"ಹೌದು."

"ಅಡುಗೆ?"

"ಮಾಡಿಲ್ಲ."

"ಯಾಕೆ?"

ಅವಳು ನಿಜವಾಗಿಯೂ ಯೋಚಿಸಿದಳು. "ಹಸಿವಾಗಲಿಲ್ಲ."

"ನಿನಗೆ ಆಗಲಿಲ್ಲ ಅಂದ್ರೆ? ನಮಗೆ?"

"ನೀವು ಹೇಳಲಿಲ್ಲವಲ್ಲ."

ಹೇಳುವುದಕ್ಕೆ ಅದು ಹಸಿವು ಅಂತ ಅವನಿಗೆ ಗೊತ್ತಿದ್ದರಲ್ಲವೆ? ಆ ಮನೆಯಲ್ಲಿ ಹಸಿಯುವುದು ಅವಳ ಕೆಲಸವಾಗಿತ್ತು, ಕಸ ಗುಡಿಸುವ ಹಾಗೆ, ನೀರು ಹಿಡಿಯುವ ಹಾಗೆ. ಅವಳಿಗೆ ಹಸಿವಾದಾಗ ಒಲೆ ಹೊತ್ತಿಕೊಳ್ಳುತ್ತಿತ್ತು, ಅವಳು "ಬನ್ನಿ" ಅಂದಾಗ ಉಳಿದವರಿಗೆ ಹಸಿವಾಗಿದೆಯೆಂದು ತಿಳಿಯುತ್ತಿತ್ತು. ಅವಳ ಹಸಿವನ್ನು ಹಳಿಯುತ್ತಲೇ ಮೂವರೂ ಅದರ ಮೇಲೆ ಊಟ ಮಾಡಿಕೊಂಡು ಬಂದಿದ್ದರು. ಆ ಕರೆ ಬಾರದ ದಿನ ಒಬ್ಬನಿಗೆ ಅದು ಸಿಟ್ಟಾಗಿ ಬಂತು, ಒಬ್ಬಳಿಗೆ ಬಿಪಿಯಾಗಿ, ಇನ್ನೊಬ್ಬಳಿಗೆ ಬೇಜಾರಾಗಿ.

ಅವತ್ತಿನಿಂದ ಒತ್ತಾಯ ಶುರುವಾಯಿತು.

"ಆ ಇಂಜೆಕ್ಷನ್ ಸಹವಾಸ ಬಿಡು," ಅಂದ ಗಂಡ. "ಸುಮ್ಮನೆ ಮುಂಚಿನ ಹಾಗೆ ಇರು."

"ಮುಂಚಿನ ಹಾಗೆ ಇದ್ದಾಗ ಹೀಗಿರಬೇಡ ಅಂತಿದ್ರಿ."

"ಅಂದೆ. ಅಂದ್ರೆ ಇಷ್ಟೊಂದು ಅಲ್ಲ."

ಅತ್ತೆ ಬಿಸ್ಕತ್ತಿನ ಡಬ್ಬಿಯನ್ನು ಬೀರುವಿನಿಂದ ತೆಗೆದು ಅಡುಗೆ ಕಟ್ಟೆಯ ಮೇಲಿಟ್ಟಳು. ಮುಚ್ಚಳವನ್ನೂ ಅರ್ಧ ತೆರೆದಿದ್ದಳು. "ಒಂದೆರಡು ಬಾಯಿಗೆ ಹಾಕ್ಕೊಳ್ಳೇ. ನಿನ್ನ ಮುಖ ನೋಡಿದ್ರೆ ಗೋಡೆ ನೋಡಿದ ಹಾಗಾಗುತ್ತೆ."

"ಗೋಡೆ ತಿನ್ನುತ್ತಾ ಅತ್ತೆ?"

"ಇಷ್ಟು ವರ್ಷ ತಿಂತಿತ್ತಲ್ಲ," ಅಂದಳು ಅತ್ತೆ. ತನ್ನ ಮಾತಿಗೆ ತಾನೇ ನಕ್ಕು, ನಗು ನಿಲ್ಲದೆ ಕೆಮ್ಮಿದಳು.

ಮಗಳು ಮಾತ್ರ, "ಅಮ್ಮ, ನಿನ್ನಿಷ್ಟ," ಅಂದಳು. ಅದು ಒತ್ತಾಸೆಯಲ್ಲ, ತನಗೆ ಸಂಬಂಧವಿಲ್ಲ ಎಂದು ಹೇಳುವ ರೀತಿ.

ಡಿಪೋದಲ್ಲಿ ಅನ್ನ ಮುಗಿದದ್ದು ಅದಾದ ವಾರದಲ್ಲೇ. ಮನೆಯ ಮಾತು ಒಂದು ಕಡೆ, ಮೇಲ್ವಿಚಾರಕನ ಮಾತು ಇನ್ನೊಂದು ಕಡೆ. ಆ ವಾರದ ಇಂಜೆಕ್ಷನ್ನನ್ನು ಸೌಟಕ್ಕ ಫ್ರಿಜ್ಜಿನ ಬಾಗಿಲಿನಿಂದ ತೆಗೆಯಲಿಲ್ಲ. ಮುಂದಿನ ವಾರವೂ ತೆಗೆಯಲಿಲ್ಲ. ಅದರ ಮುಂದಿನ ವಾರವೂ.

ಹಸಿವು ಒಮ್ಮೆಗೇ ಬರಲಿಲ್ಲ. ಮೊದಲು ಹುರಿದ ಈರುಳ್ಳಿಯ ವಾಸನೆಗೆ ತಲೆ ತಿರುಗಿಸಿ ನೋಡಿದಳು. ಆಮೇಲೆ ಬೆಳಗಿನ ಹೊತ್ತು ಹೊಟ್ಟೆಯೊಳಗೆ ಯಾರೋ ಪಾತ್ರೆ ಸರಿಸಿದ ಹಾಗಾಯಿತು. ಕೊನೆಗೆ ಪೂರಾ ಬಂತು, ಹಿಂದಿಗಿಂತ ಒಂದು ಕೈ ಮೇಲಾಗಿಯೇ. ಕ್ಯಾಂಟೀನಿನಲ್ಲಿ ಅಕ್ಕಿ ಸರಿಯಾಗಿ ಬಿತ್ತು. "ಈಗ ನಮ್ಮಕ್ಕ ಆದೆ ನೋಡು," ಅಂದ ಹಿರಿಯ ಮೆಕ್ಯಾನಿಕ್. ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಒಲೆ ಹೊತ್ತಿತು, ಅತ್ತೆಯ ಬಿಪಿ ಇಳಿಯಿತು, ಗಂಡ ರೆಗ್ಯುಲೇಟರಿನ ಸುದ್ದಿ ಬಿಟ್ಟ. ಒಂದು ಸಂಜೆ ಅವಳು ಎರಡನೇ ಸಲ ಅನ್ನ ಬಡಿಸಿಕೊಂಡಾಗ ಅವನು ತಟ್ಟೆ ನೋಡಿ, "ಇನ್ನೂ ಬೇಕಾ?" ಅಂದ. ಬಿಸ್ಕತ್ತಿನ ಡಬ್ಬಿ ಬೀರುವಿಗೆ ವಾಪಸ್ಸಾಯಿತು. ಗಂಡ ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ, ಬಾಯಿಗೆ ರೂಢಿಯಾದದ್ದು ಬಂತು ಅಷ್ಟೆ. ಅವಳಿಗೂ ನೋವಾಗಲಿಲ್ಲ. ಕೇಳಿಸಿತು ಅಷ್ಟೆ.

ಮೂಳೆ ಡಾಕ್ಟರು ತೂಕದ ಯಂತ್ರ ನೋಡಿ ತಲೆಯಾಡಿಸಿದರು. "ಹೀಗಾದ್ರೆ ಆಪರೇಷನ್ ಮುಂದಕ್ಕೆ ಹಾಕಬೇಕಾಗುತ್ತೆ." ಮೆಟ್ಟಿಲಿಳಿಯುವಾಗ ಅವಳು ಗೋಡೆಗೆ ಮುಖ ಮಾಡಿ, ಏಡಿಯ ಹಾಗೆ ಅಡ್ಡಡ್ಡ ಇಳಿದಳು. ಕೆಳಗೆ ಡಾಕ್ಟರಮ್ಮನ ಕೋಣೆ.

"ಬಿಟ್ಟುಬಿಟ್ರಾ?"

"ನಾನು ಹಸಿದಿದ್ರೇ ಎಲ್ಲರಿಗೂ ಅನುಕೂಲ."

"ನಿಮಗೆ?"

ಸೌಟಕ್ಕ ತನ್ನನ್ನು ಕೇಳಿ ನೋಡಿದಳು. ಬೇಕೆಂದೂ ಉತ್ತರ ಬರಲಿಲ್ಲ, ಬೇಡವೆಂದೂ ಬರಲಿಲ್ಲ. "ನಂದು ಗೊತ್ತಾಗಲ್ಲ," ಅಂದಳು. "ಮೊಣಕಾಲಿಗೆ ಭಾರ ಬೇಡ."

"ಸಾಕು. ಸದ್ಯಕ್ಕೆ ಮೊಣಕಾಲಿನ ಮಾತೇ ಕೇಳೋಣ," ಅಂದಳು ಡಾಕ್ಟರಮ್ಮ. ಬಿಟ್ಟು ಬಹಳ ದಿನವಾಗಿದೆ, ಮತ್ತೆ ಸಣ್ಣ ಪ್ರಮಾಣದಿಂದ ಶುರು ಮಾಡಬೇಕು ಎಂದು ಹೊಸದಾಗಿ ಬರೆದುಕೊಟ್ಟಳು. ಹಸಿವಾಗದಿದ್ದರೂ ಗಡಿಯಾರ ನೋಡಿ ತಿನ್ನಬೇಕು, ಮೊಟ್ಟೆ, ಬೇಳೆ ಬಿಡಬಾರದು ಎಂದು ಮತ್ತೆ ಹೇಳಿದಳು. ಸೌಟಕ್ಕ ಅಲ್ಲೇ ಇಂಜೆಕ್ಷನ್ ಹಾಕಿಸಿಕೊಂಡಳು.

ವಾರಗಳು ಕಳೆದು ಪ್ರಮಾಣ ಏರಿದ ಹಾಗೆ ಸದ್ದು ಮತ್ತೆ ಅಡಗಿತು. ಅಕ್ಕಿ ಮೂಟೆಯ ಮುಂದೆ ನಿಂತು ಹೊಟ್ಟೆಯನ್ನು ಕೇಳಿದಳು. ಫೋನು ಎತ್ತದ ಮನೆಗೆ ಫೋನು ಮಾಡಿದ ಹಾಗಿತ್ತು. ಪಕ್ಕದಲ್ಲಿ ತರಕಾರಿ ಹೆಚ್ಚುವವಳು ಕೂತಿದ್ದಳು. ಸಣಕಲು ಹೆಂಗಸು, ಎಲ್ಲರೂ ಅವಳನ್ನು ಕಡ್ಡಿ ಅನ್ನುತ್ತಿದ್ದರು. ಸೌಟಕ್ಕ ಅವಳ ಕಡೆ ತಿರುಗಿದಳು.

"ನಿಂಗೆ ಹಸಿವಾಗಿದೆಯಾ?"

ಕಡ್ಡಿ ಕದ್ದು ಸಿಕ್ಕಿಬಿದ್ದವಳ ಹಾಗೆ ಚಾಕು ನಿಲ್ಲಿಸಿದಳು. "ಇಲ್ಲಕ್ಕ. ಮನೇಲಿ ತಿಂದೇ ಬಂದೆ."

"ಸುಳ್ಳು ಬೇಡ. ಅಕ್ಕಿ ಅಳೀಬೇಕು."

"ಅದಕ್ಕೂ ಇದಕ್ಕೂ ಏನಕ್ಕ?"

ಸೌಟಕ್ಕ ಹೇಳಿದಳು. ಕಡ್ಡಿ ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಬೆಳಿಗ್ಗೆ ಎಲ್ಲರಿಗೂ ಹಾಕಿ ಬರೋಷ್ಟರಲ್ಲಿ ಪಾತ್ರೆಯಲ್ಲಿ ಏನೂ ಇರಲ್ಲಕ್ಕ. ದಿನಾ ಹಾಗೇ. ಎಷ್ಟು ಹಸಿವು ಅಂದ್ರೆ ನೀನು ನಗ್ತೀಯ."

"ನಗಲ್ಲ. ಹೇಳು. ನಾನು ಸುರೀತೀನಿ, ಸಾಕು ಅನ್ಸಿದಾಗ ಸಾಕು ಅನ್ನು."

ಕಡ್ಡಿ ಸಾಕು ಅನ್ನಲೇ ಇಲ್ಲ. ಅವತ್ತು ಅನ್ನ ಎಷ್ಟು ಮಿಕ್ಕಿತೆಂದರೆ ವಾಚ್‌ಮನ್ನಿನಿಂದ ಹಿಡಿದು ಟೈರು ಕೂರಿಸುವವರವರೆಗೆ ಎಲ್ಲರೂ ಡಬ್ಬಿ ತುಂಬಿಕೊಂಡು ಹೋದರು. ಮೇಲ್ವಿಚಾರಕ ಮುಖ ಗಂಟು ಹಾಕಿಕೊಂಡರೂ, ಸಾಲದೆ ಹೋಗಲಿಲ್ಲವಾದ್ದರಿಂದ ಸುಮ್ಮನಾದ. ಸೌಟಕ್ಕ ಕೂತು ಯೋಚಿಸಿದಳು. ಕಡ್ಡಿಯ ಹಸಿವು ಆ ದಿನದ್ದು ಮಾತ್ರವಲ್ಲ, ಅದರಲ್ಲಿ ಬಹಳಷ್ಟು ಹಳೆಯ ಬಾಕಿ. ಆ ಬಾಕಿ ತೀರದೆ ಅಳತೆ ಸರಿಬರಲಾರದು. ಮರುದಿನದಿಂದ ಕಡ್ಡಿ ಬಂದ ಕೂಡಲೇ ಅವಳ ಮುಂದೆ ಬ್ರೆಡ್ಡು, ಎರಡು ಬೇಯಿಸಿದ ಮೊಟ್ಟೆ, ಒಂದು ದೊಡ್ಡ ಲೋಟ ಚಹಾ ಇಟ್ಟಳು. ತಾನೂ ಗಡಿಯಾರ ನೋಡಿ ಒಂದು ಮೊಟ್ಟೆ ತಿಂದಳು.

"ಯಾಕಕ್ಕ ಇದೆಲ್ಲ," ಅಂದಳು ಕಡ್ಡಿ, ಕಣ್ಣು ಒದ್ದೆ ಮಾಡಿಕೊಂಡು.

"ಅಳಬೇಡ. ಅಳತೆಗೆ," ಅಂದಳು ಸೌಟಕ್ಕ. ಅವಳು ಕರುಣೆಯನ್ನು ಬಚ್ಚಿಟ್ಟು ಆಡಿದ ಮಾತಲ್ಲ ಅದು. ಅಳತೆಗೇ.

ಕೆಲವು ದಿನಗಳಲ್ಲಿ ಅಕ್ಕಿ ಒಂದು ಹದಕ್ಕೆ ಬಂತು. ಕಡ್ಡಿ ಮೊರ ನೋಡುತ್ತ, "ಇನ್ನೊಂದು, ಇನ್ನರ್ಧ, ಹಾಂ ನಿಲ್ಲಿಸು," ಅನ್ನುತ್ತಿದ್ದಳು. ಒಲೆ ಸೌಟಕ್ಕನ ಹತ್ತಿರವೇ ಉಳಿಯಿತು.

ಮನೆಯಲ್ಲಿ ಅವಳು ಯಾರನ್ನೂ ಹಸಿವಾಗಿದೆಯಾ ಎಂದು ಕೇಳಲಿಲ್ಲ. ಕೆಲಸದ ದಿನ ಮೊದಲಿನ ಹಾಗೆ ಬೆಳಿಗ್ಗೆಯೇ ಮಾಡಿಟ್ಟು ಹೋಗುತ್ತೇನೆ, ಭಾನುವಾರ ಮಾತ್ರ ನಾನು ಕರೆಯುವುದಿಲ್ಲ, ಹಸಿದವರು ಹಸಿವು ಅಂತ ಹೇಳಬೇಕು, ಹೇಳಿದವರು ಒಲೆ ಹಚ್ಚಬೇಕು ಅಂದಳು. ಗಂಡ, "ಇದೊಂದು ಕಾನೂನು ಬಾಕಿ ಇತ್ತು," ಅಂದ. ಅತ್ತೆ, "ಡಾಕ್ಟರು ತಲೆಗೇ ಇಂಜೆಕ್ಷನ್ ಕೊಟ್ಟಿರಬೇಕು," ಅಂದಳು.

"ತಲೆಗೇ ಅತ್ತೆ," ಅಂದಳು ಸೌಟಕ್ಕ.

ಮುಂದಿನ ಭಾನುವಾರ ಹೊತ್ತು ಏರಿತು. ಗಂಡ ಪೇಪರು ಮಡಿಸಿ, ಬಿಚ್ಚಿ, ಮಡಿಸಿದ. ಮಗಳ ಕೋಣೆಯಿಂದ ಏನೋ ಬಿದ್ದ ಸದ್ದು ಬಂತು. ಕೊನೆಗೆ ಅವನು ಅವಳ ಮುಂದೆ ಬಂದು ನಿಂತ.

"ಏನೋ ಒಂಥರಾ ಆಗ್ತಿದೆ."

"ಎಲ್ಲಿ?"

ಅವನು ಕೈಯನ್ನು ಎದೆಯ ಮೇಲಿಟ್ಟ, ಸ್ವಲ್ಪ ಕೆಳಗೆ ತಂದ, ಇನ್ನೂ ಕೆಳಗೆ ತಂದ. "ಇಲ್ಲಿ. ಸುಮ್ಮನೆ ಯಾರ ಮೇಲಾದ್ರೂ ರೇಗೋಣ ಅನ್ಸುತ್ತೆ."

"ಹಸಿವು ಅದು."

ಡಾಕ್ಟರು ರೋಗದ ಹೆಸರು ಹೇಳಿದಾಗ ನಿಲ್ಲುವ ಹಾಗೆ ಅವನು ನಿಂತ. "ಈಗೇನ್ ಮಾಡೋದು?"

"ಅಕ್ಕಿ ಕೆಂಪು ಮುಚ್ಚಳದ ಡಬ್ಬಿಯಲ್ಲಿದೆ. ಬೇಳೆ ಅದರ ಹಿಂದೆ."

ಅವನು ಒಳಗೆ ಹೋದ. ಬಹಳ ಹೊತ್ತು ಡಬ್ಬಿಗಳ ಸದ್ದು, ನೀರಿನ ಸದ್ದು, ಬೈಗುಳ. ಅತ್ತೆ ಎದ್ದು ಹೋಗಿ ಬಾಗಿಲಲ್ಲಿ ನಿಂತು ನೀರು ಜಾಸ್ತಿಯಾಯಿತು ಅಂದಳು, ಆಮೇಲೆ ಕಡಿಮೆಯಾಯಿತು ಅಂದಳು. ಮಗಳು ಈರುಳ್ಳಿ ಸುಲಿಯಲು ಕೂತಳು, ತನ್ನ ಹೊಟ್ಟೆಗೆ ಮಾತ್ರ ಎಂದು ಹೇಳಿಕೊಂಡು, ನಾಲ್ಕು ಸುಲಿದಳು. ಕೊನೆಗೆ ಮೂವರೂ ಕೂತು ತಿಂದರು. ಅನ್ನ ಒಂದು ಕಡೆ ಮುದ್ದೆ, ಒಂದು ಕಡೆ ಕಾಳು. ತಿನ್ನುತ್ತ ತಿನ್ನುತ್ತ ಅವರ ಮುಖದ ಗಂಟು ಬಿಚ್ಚುವುದನ್ನು ಅವಳು ನೋಡಿದಳು.

ಗಂಡ ಸೌಟು ಹಿಡಿದು ಅವಳ ಕಡೆ ತಿರುಗಿದ. "ನಿನಗೂ ಹಾಕಲಾ?"

ಇಷ್ಟು ವರ್ಷದಲ್ಲಿ ಅವನು ಈ ಮಾತು ಕೇಳಿದ್ದು ಇದೇ ಮೊದಲು. ಅವಳಿಗೆ ಅದು ಗೊತ್ತಿತ್ತು. ಇದಕ್ಕೆ ಏನಾದರೂ ಅನ್ನಿಸಬೇಕಿತ್ತು ಅನ್ನುವುದೂ ಗೊತ್ತಿತ್ತು. ಒಳಗೆ ನೋಡಿದಳು. ಸದ್ದಿರಲಿಲ್ಲ.

"ಬೇಡ," ಅಂದಳು. "ನಾನು ಮೊಟ್ಟೆ ತಿಂದಿದೀನಿ."

ಅವನು ತನ್ನ ತಟ್ಟೆಗೇ ಇನ್ನಷ್ಟು ಹಾಕಿಕೊಂಡ. ಅವಳು ಕುರ್ಚಿ ಎಳೆದು ಎರಡೂ ಕಾಲುಗಳನ್ನು ಅದರ ಮೇಲಿಟ್ಟು, ಮೊಣಕಾಲಿನ ಮೇಲೆ ಅಂಗೈ ಊರಿ ಒತ್ತಿ ನೋಡಿದಳು. ಊತ ಇಳಿದಿತ್ತು.